ಹಸಿ ಕಿತ್ತಳೆ ಕದ್ದವರು

ನಮ್ಮ ಮಾವ ಯಾರನ್ನೂ ನಂಬುತ್ತಿರಲಿಲ್ಲ. ಹೊರಗೆ ಮಳೆ ಬರುತ್ತಿದೆ ಎಂದರೆ ಕಿಟಕಿಯಿಂದ ಕೈ ಚಾಚಿ ನೋಡಿ, ಒದ್ದೆಯಾದ ಬೆರಳನ್ನು ಒಂದು ಸಲ ಮೂಸಿ, ಆಮೇಲೆ "ಹೂಂ" ಎನ್ನುತ್ತಿದ್ದರು. ಆ "ಹೂಂ" ಕೂಡ ಪೂರ್ತಿ ಒಪ್ಪಿಕೊಂಡ "ಹೂಂ" ಅಲ್ಲ. ಸದ್ಯಕ್ಕೆ ಬಿಟ್ಟಿದ್ದೇನೆ, ಮುಂದೆ ವಿಚಾರಿಸಿಕೊಳ್ಳುತ್ತೇನೆ ಎನ್ನುವಂಥದ್ದು. ನಾನು ಸೊಸೆಯಾಗಿ ಬಂದ ಹೊಸದರಲ್ಲಿ, ಅಡುಗೆಗೆ ಉಪ್ಪು ಹಾಕಿದ್ದೇನೆ ಎಂದು ಹೇಳಿದರೂ ಅತ್ತೆಯನ್ನು ಕರೆದು "ಹಾಕಿದಾಳಾ ಅಂತ ಒಂದ್ಸಲ ನೋಡೇ" ಎಂದವರು. ಅವತ್ತೇ ನನಗೆ ಮೈ ಉರಿದಿತ್ತು. ಆ ಉರಿ ಆಮೇಲೆ ವರ್ಷಗಟ್ಟಲೆ ಆರಲಿಲ್ಲ.

ಅವರು ದೊಡ್ಡದೊಂದು ಕಿತ್ತಳೆ ತೋಟದ ಕಾವಲುಗಾರರು. ತೋಟದ ಗೇಟಿನ ಪಕ್ಕದಲ್ಲೇ ನಮ್ಮ ಮನೆ. ಎರಡು ಕೋಣೆ, ಒಂದು ಅಡುಗೆಮನೆ, ಮುಂದೆ ತಗಡು ಹೊದಿಸಿದ ಜಗಲಿ. ಕಾವಲಿನ ಕೆಲಸ ಇರುವವರೆಗೆ ಮನೆ. ಕೆಲಸ ಹೋದರೆ ಅದರ ಹಿಂದೆಯೇ ಮನೆಯೂ ಹೋಗಬೇಕು. ನನ್ನ ಗಂಡ ಅದೇ ತೋಟದ ಟ್ರ್ಯಾಕ್ಟರ್ ಓಡಿಸುತ್ತಿದ್ದ. ನಾನು ಉಳಿದ ದಿನಗಳಲ್ಲಿ ಸಸಿಮಡಿಯಲ್ಲಿ, ಹಣ್ಣಿನ ಕಾಲ ಬಂದಾಗ ಕೊಯ್ಲಿನ ಗುಂಪಿನಲ್ಲಿ. ಉಣ್ಣುವುದು, ಮಲಗುವುದು, ಜಗಳವಾಡುವುದು ಎಲ್ಲವೂ ನಮಗೆ ಆ ಬೇಲಿಯ ಒಳಗೇ.

ತೋಟದ ಜನ ಮಾವನಿಗೆ ಬೆನ್ನ ಹಿಂದೆ ಪತ್ತೇದಾರಪ್ಪ ಎಂದು ಹೆಸರಿಟ್ಟಿದ್ದರು. ಅವರಿಗೆ ಒಂದೊಂದು ಋತುವಿಗೆ ಒಂದೊಂದು ಅನುಮಾನ. ಚಳಿ ಮುಗಿಯುವ ಹೊತ್ತಿಗೆ ಕೊಂಬೆ ಸವರುವವರು ಬಂದರೆ, ಸೌದೆಯ ಆಸೆಗೆ ದಪ್ಪ ಕೊಂಬೆಗೂ ಗರಗಸ ಹಾಕುತ್ತಾರೆ ಎಂದು ಅನುಮಾನ. ಮರ ಹೂ ಬಿಟ್ಟು ತೋಟವೆಲ್ಲ ಘಮಘಮ ಎನ್ನುವಾಗ ಜೇನುಪೆಟ್ಟಿಗೆಯವನು ಬಂದು ಪೆಟ್ಟಿಗೆ ಇಡುತ್ತಿದ್ದ. ಅವನ ಮೇಲಂತೂ ಬಿಡಿ, ಅವನ ಹುಳುಗಳ ಮೇಲೂ ಅನುಮಾನ. "ನಮ್ಮ ಹೂವಿನ ಮೇಲೆ ಕೂತ್ಕೊಂಡು ಪಕ್ಕದ ತೋಟಕ್ಕೆ ಕೆಲಸ ಮಾಡ್ತಾವೆ" ಎನ್ನುತ್ತಿದ್ದರು. ಬಿಸಿಲು ಏರಿ ಹೀಚು ಉದುರತೊಡಗಿದರೆ, ಉದುರಿದ್ದೋ ಯಾರಾದರೂ ಅಲ್ಲಾಡಿಸಿದ್ದೋ ಎಂದು ಮರದ ಬುಡದಲ್ಲಿ ಕೂತು ಒಂದೊಂದನ್ನೇ ತಿರುಗಿಸಿ ನೋಡುತ್ತಿದ್ದರು. ಪಾತಿಗೆ ನೀರು ಬಿಡುವಾಗ ಪಂಪಿನವನ ಮೇಲೆ ಕಣ್ಣು. ಕೊಯ್ಲಿನಲ್ಲಂತೂ ಕೇಳುವುದೇ ಬೇಡ. ನಾವು ಹೆಂಗಸರು ಸಂಜೆ ಮನೆಗೆ ಹೊರಟರೆ ಗೇಟಿನಲ್ಲಿ ನಿಂತು ಊಟದ ಡಬ್ಬಿ ತೆಗೆಸಿ ನೋಡುತ್ತಿದ್ದರು. ನನ್ನದನ್ನೂ. ನಾನು ಹೋಗುವುದು ಅವರದೇ ಮನೆಗೆ.

ಅವರ ಕಾವಲಿಗೆ ಒಂದು ಕ್ರಮವಿತ್ತು. ದಿನಾ ಸಂಜೆ ಉದ್ದ ಹಿಡಿಯ ಪೊರಕೆ ಹಿಡಿದು ಸಾಲುಗಳ ನಡುವಿನ ಮಣ್ಣನ್ನು ಗುಡಿಸುತ್ತಿದ್ದರು. ಕಸಕ್ಕಾಗಿ ಅಲ್ಲ, ಹೆಜ್ಜೆಗಾಗಿ. ಗುಡಿಸಿದ ಮಣ್ಣಿನ ಮೇಲೆ ಇರುಳು ಯಾರು ಓಡಾಡಿದರೂ ಬೆಳಿಗ್ಗೆ ಗೊತ್ತಾಗಬೇಕು. ಆ ಓದಿನಲ್ಲಿ ಅವರು ಪಳಗಿದ್ದರು. ಇದು ನಾಯಿ, ಇದು ಪಂಪಿನವನು ಚಪ್ಪಲಿ ಹಾಕದೆ ಬಂದಿದ್ದಾನೆ, ಇವಳು ಎಡಗೈಯಲ್ಲಿ ಭಾರ ಹೊತ್ತಿದ್ದಾಳೆ ಎಂದು ನೆಲ ನೋಡಿಯೇ ಹೇಳುತ್ತಿದ್ದರು. ಬೆಕ್ಕು ಬಸುರಿ ಎಂಬುದನ್ನು ನಾವು ಅದರ ಹೊಟ್ಟೆ ನೋಡಿ ತಿಳಿದರೆ ಅವರು ಅದಕ್ಕೂ ಮೊದಲೇ ಪಂಜ ನೋಡಿ ತಿಳಿದಿದ್ದರು. ಸುಳ್ಳು ಯಾಕೆ ಹೇಳಲಿ, ಆ ಒಂದು ವಿಷಯದಲ್ಲಿ ನನಗೂ ಅವರ ಬಗ್ಗೆ ಬೆರಗಿತ್ತು.

ಅತ್ತೆ ಇದಕ್ಕೆ ಪೂರ್ತಿ ತದ್ವಿರುದ್ಧ. ದಾರಿಹೋಕರು ಬಂದು ನೀರು ಕೇಳಿದರೆ ಮನೆ ಅವರ ಮೇಲೆ ಬಿಟ್ಟು ಬಾವಿಗೆ ಹೋಗುವ ಜೀವ. ಪ್ರಾಯದಲ್ಲಿ ಅವರು ಆ ತೋಟದ ಕೊಯ್ಲಿನ ಗುಂಪಿನ ಮುಂದಾಳು. ಕಿತ್ತಳೆಯನ್ನು ಎಳೆದು ಕೀಳಬಾರದು. ಎಳೆದರೆ ತೊಟ್ಟಿನ ಬಳಿ ಸಿಪ್ಪೆ ಕಿತ್ತು ಬಂದು ಹಣ್ಣು ಕೊಳೆಯುತ್ತದೆ. ಪುಟ್ಟ ಕತ್ತರಿಯಲ್ಲಿ ಮೊದಲು ತೊಟ್ಟನ್ನು ಸ್ವಲ್ಪ ಉದ್ದಕ್ಕೆ ಬಿಟ್ಟು ಕತ್ತರಿಸಬೇಕು, ಹಣ್ಣು ಕೈಗೆ ಬಂದ ಮೇಲೆ ಉಳಿದ ತುಂಡನ್ನು ಹಣ್ಣಿನ ಮಟ್ಟಕ್ಕೆ ಇನ್ನೊಮ್ಮೆ ಕತ್ತರಿಸಬೇಕು. ಇಲ್ಲದಿದ್ದರೆ ಆ ಚೂಪು ತೊಟ್ಟು ಚೀಲದಲ್ಲಿ ಪಕ್ಕದ ಹಣ್ಣಿಗೆ ಚುಚ್ಚುತ್ತದೆ. ಎರಡು ಕತ್ತರಿ ಎಂದು ನಾವು ಅದಕ್ಕೆ ಹೇಳುವುದು. ನನಗೂ ಸೇರಿ ತೋಟದ ಹೆಂಗಸರಿಗೆಲ್ಲ ಎರಡು ಕತ್ತರಿ ಕಲಿಸಿದವರು ಅತ್ತೆಯೇ.

ಇವರಿಬ್ಬರ ಮದುವೆಯಾದದ್ದೂ ಅನುಮಾನದಿಂದಲೇ. ಹೊಸದಾಗಿ ಕಾವಲಿಗೆ ಬಂದ ಮಾವನಿಗೆ, ಇಷ್ಟು ನಗುನಗುತ್ತಾ ಇರುವ ಹುಡುಗಿ ಖಂಡಿತ ಏನೋ ಬಚ್ಚಿಟ್ಟಿರಬೇಕು ಎನಿಸಿತಂತೆ. ದಿನಾ ಅವಳ ಚೀಲವನ್ನೇ ಮೊದಲು ತೆಗೆಸುವುದು. ಏನೂ ಸಿಗದಿದ್ದರೆ ಮರುದಿನ ಇನ್ನೂ ಸರಿಯಾಗಿ ಹುಡುಕುವುದು. ಒಂದು ದಿನ ಅತ್ತೆಯೇ, "ದಿನಾ ನನ್ನ ಚೀಲ ನೋಡೋ ಬದ್ಲು ನಮ್ಮನೆಗೆ ಬಂದು ನಮ್ಮಪ್ಪನ್ನ ನೋಡಬಾರ್ದಾ?" ಎಂದು ಕೇಳಿಬಿಟ್ಟರಂತೆ. ಇದನ್ನು ಹೇಳುವಾಗ ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದರು. ಮಾವ ಮಾತ್ರ, "ಅವತ್ತು ಚೀಲದ ಒಳಜೇಬು ನೋಡಿರ್ಲಿಲ್ಲ" ಎಂದು ಗೊಣಗುತ್ತಿದ್ದರು.

ಮಂಡಿ ನೋವು ಹೆಚ್ಚಾಗಿ ಅತ್ತೆ ಕೊಯ್ಲು ಬಿಟ್ಟು ಕೆಲವು ವರ್ಷಗಳಾಗಿದ್ದವು. ಅವರು ಎಡಗಾಲನ್ನು ಸ್ವಲ್ಪ ಎಳೆದು ನಡೆಯುತ್ತಿದ್ದರು. ಮನೆಯಲ್ಲಿ ಒಮ್ಮೊಮ್ಮೆ ಒಲೆ ಹಚ್ಚಿ ಪಾತ್ರೆ ಇಡುವುದನ್ನು ಮರೆಯುತ್ತಿದ್ದರು. ನಾನು ವಯಸ್ಸು ಎಂದುಕೊಂಡು ಸುಮ್ಮನಾಗುತ್ತಿದ್ದೆ.

ನಾನು ಹೇಳಹೊರಟ ವರ್ಷ ಮರಗಳು ಮೈತುಂಬ ಕಾಯಿ ಹಿಡಿದಿದ್ದವು. ಮಳೆಗಾಲ ಮುಗಿದು, ಕಾಯಿ ದಪ್ಪಗಾಗಿ, ಬಣ್ಣ ಮಾತ್ರ ಇನ್ನೂ ಕಡು ಹಸಿರು. ಬಾಯಿಗಿಟ್ಟರೆ ಹಲ್ಲು ಚುಳ್ಳೆನ್ನುವಷ್ಟು ಹುಳಿ. ಕೊಯ್ಲಿಗೆ ಇನ್ನೂ ಬಹಳ ದಿನಗಳಿದ್ದವು. ಒಂದು ಬೆಳಿಗ್ಗೆ ಮಾವ ಬಾವಿಯ ಕಡೆಯ ಸಾಲಿನಿಂದ ಓಡಿಬಂದರು. ಅವರು ಓಡಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಅಂಗೈ ಬಿಚ್ಚಿ ತೋರಿಸಿದರು. ಬೆರಳುಗುರಿನಷ್ಟು ಉದ್ದದ ತೊಟ್ಟಿನ ತುಂಡುಗಳು.

"ಒಂದು ಮರ ಪೂರ್ತಿ ಕೆಳಗಿನ ಕೊಂಬೆ ಬರಿದು ಮಾಡಿದಾರೆ. ಎಳೆದು ಕಿತ್ತಿಲ್ಲ. ಎರಡು ಕತ್ತರಿ" ಎಂದರು. ಅವರ ದನಿಯಲ್ಲಿ ಸಿಟ್ಟಿಗಿಂತ ಸಂಭ್ರಮವೇ ಹೆಚ್ಚಿದ್ದಂತಿತ್ತು. ಜೀವಮಾನವಿಡೀ ಕಾದಿದ್ದ ಕಳ್ಳ ಕೊನೆಗೂ ಬಂದಿದ್ದ.

ಹೆಜ್ಜೆ ಹುಡುಕುವ ಮೊದಲೇ ಅವರು ನೇರ ತೋಟದ ಒಡತಿಯ ಬಳಿ ಹೋದರು. ಅಪ್ಪ ಹೋದ ಮೇಲೆ ತೋಟ ನೋಡಿಕೊಳ್ಳುತ್ತಿದ್ದ ಹೆಣ್ಣುಮಗಳು ಆಕೆ. ಮಾತು ಕಡಿಮೆ, ಲೆಕ್ಕಾಚಾರ ಜಾಸ್ತಿ. ಬಂದು ಮರ ನೋಡಿದಳು, ತೊಟ್ಟಿನ ತುಂಡುಗಳನ್ನು ನೋಡಿದಳು. ನಾನೂ ಅಲ್ಲೇ ನಿಂತಿದ್ದೆ.

"ತಿನ್ನಕ್ಕಾಗದ ಕಾಯಿ ಯಾರೂ ಹಸಿವಿಗೆ ಕೀಳಲ್ಲ. ಇದು ಹೊಟ್ಟೆಕಿಚ್ಚಿನ ಕೆಲಸ" ಎಂದಳು. "ಕೈ ನೋಡಿದ್ರೆ ಹೊರಗಿನವರದ್ದಲ್ಲ. ನಮ್ಮ ಕೊಯ್ಲಿನವರದ್ದೇ. ನೀವು ಗೇಟಲ್ಲಿ ಇದ್ದೂ ಒಳಗಿನವರೇ ಹೀಗೆ ಮಾಡ್ತಾರೆ ಅಂದ್ರೆ ಕಾವಲು ಯಾಕೆ?"

"ಹಿಡೀತೀನಿ ಅಮ್ಮಾವ್ರೇ."

"ಹಿಡೀರಿ. ಹೀಗೇ ನಡೀತಾ ಹೋದ್ರೆ ಕೊಯ್ಲಿಗೆ ಮುಂಚೆ ನಾನು ಪೇಟೆಯಿಂದ ಕಾವಲು ಕಂಪನಿಯವರನ್ನ ಕರೆಸ್ತೀನಿ. ಅವರಿಗೆ ಇರೋಕೆ ನಿಮ್ಮ ಮನೆ ಬೇಕಾಗತ್ತೆ. ಅಪ್ಪನ ಕಾಲದವರು ಅಂತ ಮುಂಚೇನೇ ಹೇಳ್ತಿದೀನಿ."

ಆಕೆ ಹೋದ ಮೇಲೆ ಮಾವ ಮಣ್ಣಿನ ಮೇಲೆ ಬಗ್ಗಿದರು. ಬಹಳ ಹೊತ್ತು ಬಗ್ಗಿಯೇ ಇದ್ದರು. ನಾನು ಹತ್ತಿರ ಹೋದರೆ ಎದ್ದು ಕಾಲಿಂದ ನೆಲ ಸವರಿ, "ಏನೂ ಇಲ್ಲ. ಗುರುತು ಸಿಗ್ಲಿಲ್ಲ" ಎಂದರು. ಬೆಕ್ಕಿನ ಬಸಿರನ್ನು ಮಣ್ಣಿನಲ್ಲಿ ಕಂಡ ಮನುಷ್ಯನಿಗೆ ಮರ ಬರಿದು ಮಾಡಿದವರ ಗುರುತು ಸಿಗಲಿಲ್ಲವಂತೆ. ನನಗೆ ಅಲ್ಲೇ ಒಂದು ಎಳೆ ಸಿಕ್ಕಿತು. ಆದರೆ ಅದನ್ನು ಎಳೆದು ನೋಡುವಷ್ಟು ಪುರುಸೊತ್ತನ್ನು ಅವರು ನನಗೆ ಕೊಡಲಿಲ್ಲ.

ಅವತ್ತಿಂದ ತೋಟದಲ್ಲಿ ಯಾರಿಗೂ ನೆಮ್ಮದಿ ಇರಲಿಲ್ಲ. ಮಾವ ಸಾಮಾನಿನ ಕೋಣೆ ತೆಗೆಸಿ ಕೊಯ್ಲಿನ ಕತ್ತರಿಗಳನ್ನೆಲ್ಲ ಹೊರಗೆ ಸುರಿದು, ಅಲಗಿನಲ್ಲಿ ಹಸಿ ಅಂಟಿದೆಯೇ ಎಂದು ಒಂದೊಂದನ್ನೂ ಮೂಸಿದರು. ಪಂಪಿನವನ ಹೆಂಡತಿಯನ್ನು ಅಡ್ಡಡ್ಡ ಪ್ರಶ್ನೆ ಕೇಳಿ ಅಳಿಸಿದರು. ಕೊಯ್ಲಿನ ಹೆಂಗಸರನ್ನು ಒಬ್ಬೊಬ್ಬರನ್ನಾಗಿ ಕರೆದು, ಯಾರಿಗೆ ಒಡತಿಯ ಮೇಲೆ ಮುನಿಸಿದೆ, ಯಾರು ಯಾರ ಮನೆಗೆ ಹೋಗುವುದು ಬಿಟ್ಟಿದ್ದಾರೆ ಎಂದು ವಿಚಾರಿಸಿದರು. ಹೀಗೆ ಕೇಳಿದ್ದರಿಂದ ಮುನಿಸಿಲ್ಲದವರಿಗೂ ಒಬ್ಬರ ಮೇಲೊಬ್ಬರಿಗೆ ಮುನಿಸು ಬಂತು. ಜೊತೆಯಲ್ಲಿ ಕೂತು ಊಟ ಮಾಡುತ್ತಿದ್ದವರು ಬೇರೆ ಬೇರೆ ಮರದ ಕೆಳಗೆ ಡಬ್ಬಿ ಬಿಚ್ಚತೊಡಗಿದರು. ಇಷ್ಟಾದರೂ ಕಾಯಿ ಹೋಗುವುದು ನಿಲ್ಲಲಿಲ್ಲ. ಒಂದು ದಿನ ಬಿಟ್ಟು ಒಂದು ದಿನ, ಬಾವಿಯ ಸಾಲಿನಲ್ಲೇ ಒಂದಲ್ಲ ಒಂದು ಮರದ ಕೆಳಗಿನ ಕೊಂಬೆಗಳು ಖಾಲಿ.

ಕೊನೆಗೆ ಅವರು ನನ್ನ ಬುಡಕ್ಕೇ ಬಂದರು. ಸಸಿಮಡಿಯಿಂದ ಮನೆಗೆ ಬಂದರೆ ನನ್ನ ಟ್ರಂಕಿನ ಬಾಯಿ ತೆರೆದಿದೆ, ಸೀರೆಗಳೆಲ್ಲ ಹೊರಗೆ, ಮಾವ ಅದರ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಾರೆ. ಅವರ ಕೈಯಲ್ಲಿ ಹೋದ ವರ್ಷ ನಾನು ವಾಪಸ್ಸು ಕೊಡಲು ಮರೆತಿದ್ದ ಕತ್ತರಿ.

"ಇದು ಇಲ್ಯಾಕಿದೆ?"

"ಮರೆತಿದ್ದೆ ಮಾವ. ತುಕ್ಕು ನೋಡಿ, ಅದನ್ನ ಮುಟ್ಟಿ ವರ್ಷ ಆಗಿದೆ."

"ತುಕ್ಕು ಹಿಡಿಸೋದೇನು ಕಷ್ಟ? ಉಪ್ಪುನೀರಲ್ಲಿ ಅದ್ದಿಟ್ರೆ ಸಾಕು." ಆಮೇಲೆ ತಲೆ ತಗ್ಗಿಸಿ, "ಕಾಲು ಸ್ವಲ್ಪ ಈ ಬೂದಿ ಮೇಲೆ ಇಡಮ್ಮ" ಎಂದರು. ಒಲೆಯ ಬೂದಿಯನ್ನು ನೆಲದ ಮೇಲೆ ಹರಡಿ ಸಿದ್ಧ ಮಾಡಿಟ್ಟುಕೊಂಡಿದ್ದರು.

ನಾನು ಇಡಲಿಲ್ಲ. "ನಿಮ್ಮ ಮಗನ ಕಾಲನ್ನ ಮೊದಲು ಇಡಿಸಿ, ಆಮೇಲೆ ನನ್ನದು" ಎಂದು ಹೇಳಿ ಸೀರೆಗಳನ್ನು ಬಾಚಿಕೊಂಡು ಒಳಗೆ ಹೋದೆ. ನನ್ನ ಗಂಡ ಜಗಲಿಯಲ್ಲಿ ಟ್ರ್ಯಾಕ್ಟರಿನ ಯಾವುದೋ ಬಿಡಿಭಾಗ ಒರೆಸುತ್ತಾ ಕೂತಿದ್ದ. ಅಪ್ಪ ಎದುರಿಗಿದ್ದರೆ ಅವನ ಬಾಯಿಗೆ ಬೀಗ. "ಅವರಿಗೆ ಮನೆ ಹೋಗತ್ತೆ ಅಂತ ಹೆದರಿಕೆ, ಬಿಡು" ಎಂದ ರಾತ್ರಿ ಊಟದ ಹೊತ್ತಿಗೆ. ಅವರಿಗೆ ಮನೆ ಹೋಗುವ ಹೆದರಿಕೆಯಾದರೆ, ನನಗೆ ಮಾನ ಹೋಗಿತ್ತು. ಅತ್ತೆ ಮಾತ್ರ ನನ್ನ ತಲೆ ನೇವರಿಸಿ, "ಅವರ ಬುದ್ಧಿ ಗೊತ್ತಲ್ಲ, ಮನಸಿಗೆ ಹಚ್ಕೋಬೇಡ. ನೀನು ಕದಿಯೋಳಲ್ಲ" ಎಂದರು. ಆ ಮನೆಯಲ್ಲಿ ನನ್ನನ್ನು ನಂಬಿದ್ದು ಅವರೊಬ್ಬರೇ.

ಮಾವನ ಹತ್ತಿರ ನಾನು ಮಾತು ಬಿಟ್ಟೆ. ತಟ್ಟೆ ಇಡುವಾಗ ಸದ್ದಾಗುವಂತೆ ಇಡುತ್ತಿದ್ದೆ, ಅಷ್ಟೇ ನಮ್ಮ ಮಾತುಕತೆ. ಮಾತು ಬಿಟ್ಟವರಿಗೆ ಕಣ್ಣು ಚುರುಕಾಗುತ್ತದೋ ಏನೋ, ಆಗ ಒಂದು ವಿಷಯ ಕಂಡಿತು. ಮಾವ ಸಂಜೆ ಗುಡಿಸುವುದರ ಜೊತೆಗೆ ಬೆಳಕು ಹರಿಯುವಾಗಲೂ ಗುಡಿಸತೊಡಗಿದ್ದರು. ಅಷ್ಟು ವರ್ಷಗಳಲ್ಲಿ ಒಂದು ದಿನವೂ ಅವರು ಬೆಳಿಗ್ಗೆ ಪೊರಕೆ ಮುಟ್ಟಿದವರಲ್ಲ. ಹೆಜ್ಜೆ ಬೀಳಲಿ ಎಂದು ಸಂಜೆ ಗುಡಿಸುವುದು. ಬೆಳಿಗ್ಗೆ ಗುಡಿಸಿದರೆ ಬಿದ್ದ ಹೆಜ್ಜೆ ಅಳಿಸಿದಂತೆ. ಕದಿಯುತ್ತಿರುವುದು ಇವರೇ, ಕದ್ದು ನನ್ನ ತಲೆಗೆ ಕಟ್ಟಲು ನೋಡುತ್ತಿದ್ದಾರೆ ಎಂದು ತೀರ್ಮಾನಿಸಿಬಿಟ್ಟೆ. ಯಾಕೆ ಕದಿಯುತ್ತಾರೆ ಎಂದು ಯೋಚಿಸಲೇ ಇಲ್ಲ. ಯೋಚಿಸುವ ಮನಸ್ಸೂ ಇರಲಿಲ್ಲ, ಅಷ್ಟು ಖುಷಿಯಾಗಿತ್ತು.

ಮರುದಿನ ಕೋಳಿ ಕೂಗುವ ಹೊತ್ತಿಗೆ ಅವರು ಎದ್ದು ಹೋದದ್ದು ಕೇಳಿಸಿತು. ಸ್ವಲ್ಪ ಬಿಟ್ಟು ನಾನೂ ಚಪ್ಪಲಿ ಕೈಯಲ್ಲಿ ಹಿಡಿದು ಹೊರಟೆ. ಮಂಜು ಮರಗಳ ಮೊಣಕಾಲವರೆಗೆ ನಿಂತಿತ್ತು. ಬಾವಿಯ ಸಾಲಿನ ಕೊನೆಯಲ್ಲಿ ಮಾವ ಒಂದು ಮರದ ಮರೆಯಲ್ಲಿ ಪೊರಕೆ ಊರಿಕೊಂಡು ನಿಂತಿದ್ದರು. ಅವರ ಕೈಯಲ್ಲಿ ಕತ್ತರಿ ಇರಲಿಲ್ಲ. ಅವರು ಮುಂದಿನ ಮರವನ್ನು ನೋಡುತ್ತಿದ್ದರು.

ಆ ಮರದ ಕೆಳಗೆ ಅತ್ತೆ ಇದ್ದರು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಹೆಗಲಿಗೆ ಹಳೆಯ ಕೊಯ್ಲಿನ ಚೀಲ ಹಾಕಿಕೊಂಡು, ಒಂದೊಂದೇ ಹಸಿ ಕಾಯಿಯನ್ನು ಅಂಗೈಯಲ್ಲಿ ಹಿಡಿದು ಕತ್ತರಿಸುತ್ತಿದ್ದರು. ಕಚ್, ಕಚ್. ಎರಡನೇ ಕತ್ತರಿಗೆ ತೊಟ್ಟಿನ ತುಂಡು ಕೆಳಗೆ ಬೀಳುತ್ತಿತ್ತು. ಮಂಡಿ ನೋವು ಎಲ್ಲಿ ಹೋಯಿತೋ. ಪಕ್ಕದ ಮರದ ಕಡೆ ತಿರುಗಿ, ಅಲ್ಲಿ ಯಾರೋ ಇರುವ ಹಾಗೆ, "ಮೇಲಿನ ಕೊಂಬೆ ನೀವು ನೋಡ್ಕೊಳ್ರೇ, ನಂಗೆ ಎಟುಕಲ್ಲ" ಎಂದರು. ಅಲ್ಲಿ ಯಾರೂ ಇರಲಿಲ್ಲ.

ಚೀಲ ತುಂಬಿದ ಮೇಲೆ ಅವರು ಅದನ್ನು ಹಿಂದೆ ಹಣ್ಣಿನ ಕ್ರೇಟು ಇಡುತ್ತಿದ್ದ ಕಟ್ಟೆಯ ಮೇಲಿಟ್ಟರು. ಕತ್ತರಿಯನ್ನು ಚೀಲದೊಳಗೆ ಹಾಕಿದರು. ಕೊಯ್ಲಿನಲ್ಲಿ ನಮ್ಮ ಕ್ರಮ ಅದೇ. ಕೈ ಒರೆಸಿಕೊಂಡು, ಎಡಗಾಲು ಎಳೆಯುತ್ತಾ, ಮನೆಯ ಕಡೆ ಹೋದರು. ಆಗ ಮಾವ ಮರೆಯಿಂದ ಬಂದು ಮರದ ಬುಡದಿಂದ ಕಟ್ಟೆಯವರೆಗೆ, ಕಟ್ಟೆಯಿಂದ ದಾರಿಯವರೆಗೆ ಆ ಹೆಜ್ಜೆಗಳನ್ನೆಲ್ಲ ಗುಡಿಸಿದರು. ತೊಟ್ಟಿನ ತುಂಡುಗಳನ್ನು ಆರಿಸಿ ಜೇಬಿಗೆ ಹಾಕಿಕೊಂಡರು. ಚೀಲ ಹೊತ್ತು ಗೊಬ್ಬರದ ಗುಂಡಿಯ ಕಡೆ ತಿರುಗಿದಾಗ ನಾನು ಅವರ ಕಣ್ಣಿಗೆ ಬಿದ್ದೆ.

ಮಾವ ಚೀಲಕ್ಕೆ ಕೈ ಹಾಕಿ ಕತ್ತರಿ ಹೊರಗೆ ತೆಗೆದರು. "ಕೊಯ್ಲು ಬಿಟ್ಟಾಗ ಹಳೇ ಯಜಮಾನ್ರು ಅವಳಿಗೇ ಕೊಟ್ಟ ಕತ್ತರಿ ಇದು" ಎಂದರು.

"ಯಾವಾಗ ಗೊತ್ತಾಯ್ತು?"

"ಮೊದಲನೇ ದಿನಾನೇ. ಅಮ್ಮಾವ್ರಿಗೆ ಹೇಳಿ ಆದ್ಮೇಲೆ ನೆಲ ನೋಡಿದೆ. ಎಡ ಹಿಮ್ಮಡಿ ಎಳೆದಿತ್ತು. ಆ ಜಾಡು ಹಿಡಿದು ಹೋದ್ರೆ ಕಟ್ಟೆ ಮೇಲೆ ಇದೇ ಚೀಲ." ಅವರು ಕತ್ತರಿಯನ್ನು ಮತ್ತೆ ಚೀಲಕ್ಕೆ ಹಾಕಿದರು. "ಮೊದಲು ನೆಲ ನೋಡಿದ್ರೆ ನಾಲಿಗೆ ಕಚ್ಕೊಂಡು ಸುಮ್ನಿರ್ತಿದ್ದೆ."

"ಗೊತ್ತಿದ್ದೂ ನನ್ನ ಟ್ರಂಕು ಯಾಕೆ ತೆಗೆದ್ರಿ ಹಾಗಾದ್ರೆ?" ನನ್ನ ದನಿ ಏರಿತು. "ಬೂದಿ ಯಾಕೆ ಹರಡಿದ್ರಿ?"

ಮಾವ ನನ್ನನ್ನು ನೇರವಾಗಿ ನೋಡಿದರು. "ನೀನೇ ಆಗಿರ್ಲಿ ಅಂತ ಬೇಡ್ಕೊಂಡೆ ಕಣಮ್ಮ. ನೀನು, ಇಲ್ಲಾ ಪಂಪಿನವನ ಹೆಂಡ್ತಿ, ಇಲ್ಲಾ ಯಾರಾದ್ರೂ. ನನ್ನ ಕಣ್ಣೇ ಸುಳ್ಳು ಹೇಳಿರ್ಲಿ ಅಂತ."

ನಾನು ಚೀಲದ ಇನ್ನೊಂದು ತುದಿ ಹಿಡಿದುಕೊಂಡೆ, ಇಬ್ಬರೂ ಅದನ್ನು ಗುಂಡಿಯವರೆಗೆ ಹೊತ್ತೆವು.

ಅವರು ಗುಂಡಿಯ ಅಂಚಿನಲ್ಲಿ ಕೂತು, ಕಾಯಿಗಳನ್ನು ಒಣಗಿದೆಲೆಯ ಅಡಿಗೆ ತಳ್ಳುತ್ತಾ, ಉಳಿದದ್ದನ್ನು ಹೇಳಿದರು. ಒಮ್ಮೆ ತಡೆದು ಕೇಳಿದ್ದರಂತೆ. "ಕೊಯ್ಲು ಶುರುವಾಗಿದೆ, ನೀವಿನ್ನೂ ಮಲಗೇ ಇದೀರಲ್ರೀ" ಎಂದರಂತೆ ಅತ್ತೆ. ಒಮ್ಮೆ ಕತ್ತರಿ ಬಚ್ಚಿಟ್ಟರಂತೆ. ಅತ್ತೆ ದಿನವಿಡೀ ಹುಡುಕಿ, ಯಜಮಾನರ ಕತ್ತರಿ ಕಳೆದೆ ಎಂದು ಅತ್ತು ಊಟ ಬಿಟ್ಟರಂತೆ. ಆ ದಿನ ನನಗೂ ನೆನಪಿತ್ತು; ತಲೆನೋವು ಎಂದು ಮಾವ ಹೇಳಿದ್ದರು. ಅಂದಿನಿಂದ ಕತ್ತರಿ, ಚೀಲ ಎರಡನ್ನೂ ದಿನಾ ಇದ್ದ ಜಾಗಕ್ಕೇ ತಂದಿಡತೊಡಗಿದರಂತೆ. ಬಾಗಿಲಿಗೆ ಬೀಗ ಹಾಕಿದ ದಿನ ಒಳಗಿನಿಂದ, ಗುಂಪು ಕಾಯ್ತಿದೆ ಬಾಗಿಲು ತೆಗೀರಿ ಎಂದು ಬೇಡಿಕೊಂಡರಂತೆ. ಕತ್ತರಿ ಹುಡುಕಿದ ಆ ಒಂದು ದಿನ ಬಿಟ್ಟರೆ, ಬಿಸಿಲೇರಿದ ಮೇಲೆ ಅವರಿಗೆ ಇದಾವುದೂ ನೆನಪಿರುತ್ತಿರಲಿಲ್ಲ.

"ಅಮ್ಮಾವ್ರಿಗೆ ನಿಜ ಹೇಳಿಬಿಡೋಣ ಮಾವ. ಮನೆ ಉಳಿಯತ್ತೆ."

"ಏನಂತ ಹೇಳ್ಲಿ? ಹುಚ್ಚಿ ಅಂತಾನಾ?" ಅವರು ಸುತ್ತ ನೋಡಿ ದನಿ ತಗ್ಗಿಸಿದರು. "ಕಳ್ಳ ಅಂದ್ರೆ ನಾಕು ದಿನ ಮಾತಾಡಿ ಬಿಡ್ತಾರೆ. ಹುಚ್ಚಿ ಅಂದ್ರೆ ಅವಳು ಸಾಯೋವರೆಗೂ ಅದೇ ಹೆಸರು. ಈ ತೋಟದಲ್ಲಿ ಅವಳ ಕೈಯಿಂದ ಕೆಲಸ ಕಲೀದವರು ಯಾರಿದಾರೆ ಹೇಳು. ಅವರೆಲ್ಲ ನಾಳೆ ಇವಳನ್ನ ಕಂಡು ಮಕ್ಕಳನ್ನ ಒಳಗೆ ಕರ್ಕೋತಾರೆ. ನಂಗೆ ನೋಡಕ್ಕಾಗಲ್ಲ. ಕಾಯಿ ಬಣ್ಣಕ್ಕೆ ತಿರುಗೋವರೆಗೆ ಹೇಗಾದ್ರೂ ನೂಕಿದ್ರೆ ಆಯ್ತು. ಆಮೇಲೆ ನಿಜವಾದ ಕೊಯ್ಲು. ಯಾರು ಯಾವ ಮರದಿಂದ ಕೊಯ್ದ್ರು ಅಂತ ಯಾರು ಕೇಳ್ತಾರೆ?"

ಮಾವನ ಬಗ್ಗೆ ನನಗೆ ಅಯ್ಯೋ ಎನಿಸಿದ್ದು ಆಗಲೇ. ಊರಿಗೆಲ್ಲ ಅನುಮಾನ ಹಂಚಿದ್ದರ ಸಿಟ್ಟು ಇದ್ದೇ ಇತ್ತು, ಅದರ ಪಕ್ಕದಲ್ಲೇ ಇದೂ ಬಂದು ಕೂತಿತು. ಅವತ್ತಿಂದ ಬೆಳಿಗ್ಗೆ ನಾನೂ ಹೋಗತೊಡಗಿದೆ. ಅವರು ಗುಡಿಸಿದರೆ ನಾನು ತೊಟ್ಟು ಆರಿಸುತ್ತಿದ್ದೆ. ಬರಿದಾದ ಕೊಂಬೆ ಎದ್ದು ಕಾಣದಂತೆ ಪಕ್ಕದ ಕೊಂಬೆಗಳನ್ನು ಬಗ್ಗಿಸಿ ಹಗ್ಗದಲ್ಲಿ ಕಟ್ಟುತ್ತಿದ್ದೆ. ಈಗ ನನಗೂ ಎಲ್ಲರ ಮೇಲೆ ಅನುಮಾನ. ಪಂಪಿನವನು ಯಾಕೆ ಇಷ್ಟು ಬೇಗ ಎದ್ದ, ಆ ಹೆಂಗಸು ಬಾವಿಯ ಕಡೆ ಯಾಕೆ ಬಂದಳು, ನನ್ನ ಗಂಡ ಯಾಕೆ ಏನೂ ಕೇಳುತ್ತಿಲ್ಲ. ಯಾರಾದರೂ ನಕ್ಕರೆ ಗೊತ್ತಾಗಿಬಿಟ್ಟಿದೆ ಎನಿಸುತ್ತಿತ್ತು. ಮಾವ ಜೀವಮಾನವೆಲ್ಲ ಹೇಗೆ ಬದುಕಿದರು ಎಂಬುದು ಆ ದಿನಗಳಲ್ಲಿ ನನಗೆ ಅರ್ಥವಾಯಿತು. ಸುಖದ ಬದುಕಲ್ಲ ಅದು.

ಕಾಯಿಗಳ ತುದಿಯಲ್ಲಿ ತುಸು ಹಳದಿ ಕಾಣಿಸಿಕೊಂಡಿತ್ತು. ಇನ್ನೇನು ಗೆದ್ದೆವು ಎಂದುಕೊಂಡಿದ್ದೆವು. ಆ ಬೆಳಿಗ್ಗೆ ಅತ್ತೆ ಕೊಯ್ದು ಹೋಗಿದ್ದರು, ಮಾವ ಚೀಲ ಹೆಗಲಿಗೆ ಹಾಕಿಕೊಂಡಿದ್ದರು, ನಾನು ನೆಲದ ಮೇಲೆ ತೊಟ್ಟು ಹುಡುಕುತ್ತಿದ್ದೆ. ಹಿಂದಿನ ಗೇಟಿನ ಕಡೆಯಿಂದ ಒಡತಿ ಬಂದಳು. ಜೊತೆಯಲ್ಲಿ ಒಬ್ಬ ಖಾಕಿ ಅಂಗಿಯವನು. ಕಾವಲು ಕಂಪನಿಯವನು, ಜಾಗ ನೋಡಲು ಬಂದಿದ್ದ. ಮೊದಲೇ ಹೇಳದೆ ಬಂದಿದ್ದಳೆಂದರೆ ನಮ್ಮ ಮೇಲೂ ಅನುಮಾನ ಬಂದೇ ಬಂದಿತ್ತು.

"ಚೀಲ ಕೆಳಗಿಡಿ" ಎಂದಳು.

ಮಾವ ಇಟ್ಟರು. ಹಸಿ ಕಾಯಿ ಉರುಳಿ ಆಕೆಯ ಕಾಲ ಬಳಿ ಹೋದವು. ಮೇಲೆ ಕತ್ತರಿ.

"ಯಾರ ಕೈಲಿ ಕೊಯ್ಸಿದ್ರಿ? ಇವಳ ಕೈಲಾ?" ಎಂದು ನನ್ನತ್ತ ಕೈ ತೋರಿಸಿದಳು.

"ನಾನೇ ಅಮ್ಮಾವ್ರೇ" ಎಂದರು ಮಾವ. "ಅವಳಿಗೇನೂ ಗೊತ್ತಿಲ್ಲ. ಈಗ ತಾನೇ ಬಂದು ನನ್ನ ಹಿಡಿದ್ಲು."

"ನೀವು ಕತ್ತರಿ ಹಿಡಿದಿದ್ದು ನಾನು ಹುಟ್ಟಿದಾಗಿಂದ ನೋಡಿಲ್ಲ. ಸುಳ್ಳು ಹೇಳ್ಬೇಡಿ."

ಮಾವ ಬಗ್ಗಿ ಕತ್ತರಿ ತೆಗೆದುಕೊಂಡು ಮರದ ಹತ್ತಿರ ಹೋದರು. ಒಂದು ಕಾಯಿಯನ್ನು ಅಂಗೈಯಲ್ಲಿ ಹಿಡಿದರು. ಕಚ್, ಕಚ್. ತೊಟ್ಟಿನ ತುಂಡು ಗುಡಿಸಿದ ನೆಲದ ಮೇಲೆ ಬಿತ್ತು. ಇನ್ನೊಂದು. ಅದೂ ಹಾಗೇ. ಹಿಡಿಯುವ ರೀತಿ, ಮಣಿಕಟ್ಟು ತಿರುಗಿಸುವ ರೀತಿ, ಎಲ್ಲ ಅತ್ತೆಯದೇ. ಕಳ್ಳತನ ಹಿಡಿಯುತ್ತೇನೆಂದು ಪ್ರಾಯದಿಂದ ಅತ್ತೆಯ ಕೈಯನ್ನೇ ನೋಡುತ್ತಾ ಬಂದ ಮನುಷ್ಯ ಅವರು.

ಒಡತಿ ನನ್ನ ಕಡೆ ತಿರುಗಿದಳು. "ನೀನು ಹೇಳು. ಇವರೇನಾ?"

ಮಾವ ನನ್ನ ಮುಖ ನೋಡಲಿಲ್ಲ, ಕೈಯಲ್ಲಿದ್ದ ಕಾಯಿ ನೋಡುತ್ತಿದ್ದರು. ನಿಜ ಹೇಳಿದರೆ ಮನೆ ಉಳಿಯುತ್ತಿತ್ತೇನೋ. "ಹೌದು. ಕಣ್ಣಾರೆ ನೋಡಿದೀನಿ" ಎಂದೆ.

"ಯಾಕೆ ಮಾಡಿದ್ರಿ?" ಎಂದು ಆಕೆ ಕೇಳಿದಳು. ಇನ್ನೊಬ್ಬರ ಸುಳ್ಳನ್ನು ಅಷ್ಟು ಚೆನ್ನಾಗಿ ಹಿಡಿಯುವವರಿಗೆ ತಮ್ಮದೊಂದು ಸುಳ್ಳು ಹೊಳೆಯಲಿಲ್ಲ. "ಸುಮ್ನೆ" ಎಂದರು. ಖಾಕಿ ಅಂಗಿಯವನಿಗೆ ನಗು ಬಂತು. ಒಡತಿಗೆ ಬರಲಿಲ್ಲ. "ಅಪ್ಪ ನಿಮ್ಮನ್ನ ತುಂಬಾ ನಂಬಿದ್ರು" ಎಂದಳು. ಅಂದೇ ಗೇಟಿನ ಬೀಗದಕೈ ಆ ಖಾಕಿಯವನಿಗೆ ಕೊಡಬೇಕು, ಕೊಯ್ಲು ಮುಗಿಯುವಷ್ಟರಲ್ಲಿ ಮನೆ ಬಿಡಬೇಕು. ನನ್ನ ಮತ್ತು ನನ್ನ ಗಂಡನ ಕೆಲಸ ಮಾತ್ರ ಇರುತ್ತದೆ. ಆಕೆ ಇದನ್ನು ಹೇಳಿ ಮುಗಿಸುವಾಗ ಸಾಲಿನ ಕೊನೆಯಲ್ಲಿ ಅತ್ತೆ ಕಂಡರು.

ನಾವು ತಿಂಡಿಗೆ ಬರಲಿಲ್ಲವೆಂದು ಕರೆಯಲು ಬಂದಿದ್ದರು. ಬಿಸಿಲು ಬಿದ್ದಿತ್ತು, ಮುಖ ತೊಳೆದು, ತಲೆ ಬಾಚಿ, ನಮ್ಮ ಎಂದಿನ ಅತ್ತೆಯಾಗಿದ್ದರು. ಚೀಲ ನೋಡಿದರು, ಚೆಲ್ಲಿದ ಕಾಯಿ ನೋಡಿದರು, ಮಾವನ ಕೈಯಲ್ಲಿದ್ದ ಕತ್ತರಿ ನೋಡಿದರು. ಯಾರೂ ಏನೂ ಹೇಳಬೇಕಾಗಲಿಲ್ಲ. ತೋಟದಲ್ಲಿ ಕಳ್ಳತನವಾಗುತ್ತಿರುವುದು ಅವರಿಗೂ ಗೊತ್ತಿತ್ತಲ್ಲ.

"ನೀವಾ?" ಎಂದರು. ಬಗ್ಗಿ ಒಂದು ಕಾಯಿ ಎತ್ತಿಕೊಂಡು ಹೆಬ್ಬೆರಳಿನಿಂದ ಒರೆಸಿದರು. "ಹಸಿ ಕಾಯಿ ಅಲ್ವೇನ್ರೀ ಇದು. ಯಾರಾದ್ರೂ ಹಸಿ ಕಾಯಿ ಕೊಯ್ತಾರಾ?"

ಮಾವ ತಲೆ ತಗ್ಗಿಸಿ, "ತಪ್ಪಾಯ್ತು" ಎಂದರು.

ಅತ್ತೆ ಅವರ ಕೈಯಿಂದ ಕತ್ತರಿಯನ್ನು ಮೆಲ್ಲಗೆ ಬಿಡಿಸಿಕೊಂಡರು. ಆಮೇಲೆ ಒಡತಿಯ ಹತ್ತಿರ ಹೋಗಿ, ಖಾಕಿಯವನಿಗೆ ಕೇಳಿಸದಂತೆ ದನಿ ತಗ್ಗಿಸಿ, ಆದರೆ ನಮಗೆಲ್ಲ ಕೇಳಿಸುವಂತೆ ಹೇಳಿದರು.

"ಕೋಪ ಮಾಡ್ಕೋಬೇಡಿ ಅಮ್ಮಾವ್ರೇ. ಇವರು ಕಳ್ಳ ಅಲ್ಲ. ಇವರಿಗೆ ಈಚೆಗೆ ತಲೆ ಸರಿ ಇಲ್ಲ. ಬೆಳಿಗ್ಗೆ ಬೆಳಿಗ್ಗೆ ಎದ್ದು ಎಲ್ಲೆಲ್ಲೋ ಓಡಾಡ್ತಾರೆ. ನಾನು ಮರ್ಯಾದೆಗೆ ಅಂಜಿ ಯಾರಿಗೂ ಹೇಳಿರ್ಲಿಲ್ಲ. ಇನ್ಮೇಲೆ ನಾನು ಇವರನ್ನ ಕಣ್ಣಲ್ಲಿ ಕಣ್ಣಿಟ್ಟು ನೋಡ್ಕೋತೀನಿ."

ಅತ್ತೆ ಬಂದು ಅವರ ಮಣಿಕಟ್ಟು ಹಿಡಿದು, "ಬನ್ನಿ, ಮನೆಗೆ ಹೋಗೋಣ. ಹೆದರ್ಬೇಡಿ" ಎಂದರು. ಮಾವ ಎದುರು ಮಾತಾಡದೆ, ಅವರು ಕರೆದುಕೊಂಡು ಹೋದ ಕಡೆಗೆ ನಡೆದರು.